ಹಗ್ಗಕ್ಕೆ ಕೈಹಚ್ಚಿದವರ ಪಾಲು

ಒಬ್ಬರ ಬದುಕಿನ ವಿಷಯವನ್ನು ಅವರಿಲ್ಲದ ಸಭೆಯಲ್ಲಿ ಕುಳಿತು ನಿಶ್ಚಯಿಸುವುದು ಸರಿಯೇ? ಮದುವೆಯ ಮಾತುಕತೆಯಲ್ಲಿ ಹುಡುಗಿಯನ್ನು ಒಳಗೆ ಕೂರಿಸಿ, ಜಗಲಿಯ ಮೇಲೆ ಹಿರಿಯರಷ್ಟೇ ಎಲ್ಲವನ್ನೂ ಗೊತ್ತುಮಾಡುತ್ತಿದ್ದ ಕಾಲವೊಂದಿತ್ತು. ಅದು ಸರಿಯಲ್ಲವೆಂದು ಇಂದು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಅದೇ ಪ್ರಶ್ನೆಯನ್ನು ವಿದ್ವತ್ ಸಭೆಗಳ ಕುರಿತು ಕೇಳಿದರೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ವಿದ್ಯೆಗೆ ತನ್ನದೇ ಆದ ಮರ್ಯಾದೆಯುಂಟು, ಅದು ಯಾರ ಪರವೂ ಅಲ್ಲ, ಯಾರ ವಿರೋಧವೂ ಅಲ್ಲ ಎಂದು ನಾವು ನಂಬಿ ಬಂದಿದ್ದೇವೆ. ಈ ನಂಬಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಈ ಬರಹದ ಉದ್ದೇಶ. ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಮೀನುಗಾರಿಕೆಯ ಅರ್ಥಶಾಸ್ತ್ರವನ್ನು. ಮೀನು ಮುಟ್ಟದ ಮನೆಯ ಓದುಗರು ಪುಟ ತಿರುವಬೇಕಾಗಿಲ್ಲ. ಪ್ರಶ್ನೆ ಮೀನಿನದಲ್ಲ, ಮನುಷ್ಯನದು.

ಈ ವಿಷಯ ನಮಗೆ ದೂರದ್ದೂ ಅಲ್ಲ. 1961ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ನಮ್ಮ ನಗರದ ವರ್ಸೋವಾದಲ್ಲಿಯೇ ಇದೆ. ಊರಿನ ಕಡೆ ಮಂಗಳೂರಿನಲ್ಲಿ 1969ರಲ್ಲಿ ಮೀನುಗಾರಿಕಾ ಕಾಲೇಜು ಆರಂಭವಾಯಿತು. ಮೀನುಗಾರಿಕೆಯ ಅರ್ಥಶಾಸ್ತ್ರ ಮತ್ತು ವ್ಯಾಪಾರವನ್ನು ಅಭ್ಯಸಿಸುವವರ ಅಂತರರಾಷ್ಟ್ರೀಯ ಸಂಸ್ಥೆಯೊಂದು 1982ರಲ್ಲಿ ಹುಟ್ಟಿ, ಎರಡು ವರ್ಷಕ್ಕೊಮ್ಮೆ ಸಮ್ಮೇಳನ ನಡೆಸುವ ಪದ್ಧತಿ ಇಟ್ಟುಕೊಂಡಿದೆ. ನಮ್ಮ ಕುಟುಂಬಗಳ ಮಕ್ಕಳು ಕಲಿತು ಇಂಥ ಗೋಷ್ಠಿಗಳಿಗೆ ಪ್ರಬಂಧ ಓದಲು ಹೋಗುವುದುಂಟು. ನಮ್ಮಂಥವರು ಕೆಲವರು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಬರುವುದೂ ಉಂಟು.

ಅಲ್ಲಿಯ ಚಿತ್ರ ಬಹುತೇಕ ಒಂದೇ ರೀತಿ. ಎದೆಗೆ ಹೆಸರಿನ ಬಿಲ್ಲೆ, ಕೈಗೊಂದು ಚೀಲ, ಪರದೆಯ ಮೇಲೆ ಏರಿಳಿಯುವ ಗೆರೆಗಳು, ಹದಿನೈದು ನಿಮಿಷಕ್ಕೆ ಬಾರಿಸುವ ಗಂಟೆ. ಮಧ್ಯಾಹ್ನದ ಊಟಕ್ಕೆ ಮೀನು ಬರುತ್ತದೆ. ಮೀನಿನ ಬೆಲೆ, ಮೀನಿನ ಸಂತತಿ, ಮೀನಿನ ರಫ್ತು ಎಲ್ಲವೂ ಬರುತ್ತವೆ. ಮೀನುಗಾರ ಮಾತ್ರ ಬಂದಿರುವುದಿಲ್ಲ. ಯಾರೂ ಅವನನ್ನು ತಡೆದಿರುವುದಿಲ್ಲ. ಕರೆಯಬೇಕೆಂದು ಯಾರಿಗೂ ತೋಚಿರುವುದಿಲ್ಲ, ಅಷ್ಟೇ.

ಭಾಂಡುಪ್‌ನಲ್ಲಿ ವಾಸಿಸುವ ನಮಗೆ ಈ ಗೈರುಹಾಜರಿ ಸ್ವಲ್ಪ ಹೆಚ್ಚು ಕಾಣುತ್ತದೆ. ರೈಲುಹಳಿಯ ಪಶ್ಚಿಮಕ್ಕೆ ಗುಡ್ಡದವರೆಗೂ ಹತ್ತಿದ ಚಾಳುಗಳು, ನಮ್ಮ ಹಿರಿಯರನ್ನು ಊರಿನಿಂದ ಇಲ್ಲಿಗೆ ಎಳೆದು ತಂದ ಕಾರಖಾನೆಗಳ ನೆನಪು. ಪೂರ್ವಕ್ಕೆ ಹೆದ್ದಾರಿ ದಾಟಿದರೆ ಉಪ್ಪಿನ ಆಗರ, ಕಾಂಡ್ಲಾ ಗಿಡಗಳ ಸಾಲು, ಆಚೆಗೆ ಠಾಣೆ ಖಾಡಿ. ಚಳಿಗಾಲದಲ್ಲಿ ಫ್ಲೆಮಿಂಗೋ ಹಕ್ಕಿಗಳನ್ನು ನೋಡಲು ಇಲ್ಲಿಗೆ ಜನ ಕ್ಯಾಮರಾ ಹಿಡಿದು ಬರುತ್ತಾರೆ. 2015ರಲ್ಲಿ ಖಾಡಿಯ ಒಂದು ಭಾಗ ಫ್ಲೆಮಿಂಗೋ ಅಭಯಾರಣ್ಯವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗುಭೂಮಿಗಳ ಪಟ್ಟಿಗೂ ಸೇರಿತು. ಸಂತೋಷದ ಸಂಗತಿಯೇ. ಆದರೆ ಅದೇ ಖಾಡಿಯಲ್ಲಿ ತಲೆತಲಾಂತರದಿಂದ ಬಲೆ ಬೀಸಿದ ಕೋಳಿ ಕುಟುಂಬಗಳೂ ಇವೆ. ಕಾರಖಾನೆಯ ಕೊಳೆನೀರು, ನಗರದ ಗಟಾರ, ಮೇಲೆದ್ದ ಸೇತುವೆಗಳು ಇವೆಲ್ಲದರ ನಡುವೆ ಅವರ ಬಲೆಗೆ ಬೀಳುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಯಿತು. ಹಕ್ಕಿಯನ್ನು ಎಣಿಸುವವರಿದ್ದಾರೆ. ಖಾಡಿಗೆ ಇಳಿಯುವುದನ್ನು ಬಿಟ್ಟ ಮನೆಗಳನ್ನು ಎಣಿಸುವವರು ಯಾರು?

ಇನ್ನು ಶಾಸ್ತ್ರ ಏನನ್ನುತ್ತದೆ ನೋಡೋಣ. 1954ರಲ್ಲಿ ಕೆನಡಾದ ಸ್ಕಾಟ್ ಗಾರ್ಡನ್ ಎಂಬ ಅರ್ಥಶಾಸ್ತ್ರಜ್ಞರು ಬರೆದ ಲೇಖನ ಈ ಶಾಸ್ತ್ರದ ತಳಪಾಯವೆನಿಸಿದೆ. ಅದರ ತಿರುಳನ್ನು ನಮ್ಮ ಕರಾವಳಿಯ ಮಾತಿನಲ್ಲಿ ಹೀಗೆ ಹೇಳಬಹುದು: ಗದ್ದೆಗೆ ಒಡೆಯನಿದ್ದರೆ ಗೇಣಿ ಇರುತ್ತದೆ, ಕಡಲಿಗೆ ಒಡೆಯನಿಲ್ಲ, ಆದ್ದರಿಂದ ಗೇಣಿಯೂ ಇಲ್ಲ. ಲಾಭ ಕಂಡಷ್ಟು ಕಾಲ ಹೊಸ ದೋಣಿಗಳು ಇಳಿಯುತ್ತಲೇ ಇರುತ್ತವೆ. ಕೊನೆಗೆ ಖರ್ಚು ಕಳೆದು ಯಾರಿಗೂ ಏನೂ ಉಳಿಯದ ಸ್ಥಿತಿ ಬರುತ್ತದೆ; ಮೀನೂ ಕುಗ್ಗುತ್ತದೆ. ಇಲ್ಲಿ ಯಾರೊಬ್ಬನೂ ದುಷ್ಟನಲ್ಲ. ಪ್ರತಿಯೊಬ್ಬನೂ ತನ್ನ ಸಂಸಾರದ ಮಟ್ಟಿಗೆ ವಿವೇಕದಿಂದಲೇ ನಡೆಯುತ್ತಾನೆ, ಎಲ್ಲರ ವಿವೇಕ ಸೇರಿ ಅವಿವೇಕವಾಗುತ್ತದೆ.

ಇದಕ್ಕೊಂದು ಸ್ವಾರಸ್ಯಕರವಾದ ಹಿನ್ನೆಲೆಯುಂಟು. ಗಾರ್ಡನ್ನರಿಗಿಂತ ನಲವತ್ತಮೂರು ವರ್ಷ ಮೊದಲೇ, 1911ರಲ್ಲಿ, ಡೆನ್ಮಾರ್ಕಿನ ಯೆನ್ಸ್ ವಾರ್ಮಿಂಗ್ ಎಂಬವರು ಮೀನಿನ ನೆಲೆಗಳ ಗೇಣಿಯ ಬಗ್ಗೆ ಇದೇ ವಿಚಾರವನ್ನು ಬರೆದಿದ್ದರು. ಬರೆದದ್ದು ಡೇನಿಷ್ ಭಾಷೆಯಲ್ಲಿ. ಹೊರಗಿನ ವಿದ್ವತ್ ಲೋಕಕ್ಕೆ ಅದು ಕೇಳಿಸಲೇ ಇಲ್ಲ. ಇಂಗ್ಲಿಷ್ ಅನುವಾದ ಪ್ರಕಟವಾದದ್ದು 1983ರಲ್ಲಿ. ಚಿಕ್ಕ ಭಾಷೆಯಲ್ಲಿ ಹೇಳಿದ ದೊಡ್ಡ ಮಾತಿಗೆ ಏನಾಗುತ್ತದೆಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡೆನ್ಮಾರ್ಕಿನ ಪ್ರಾಧ್ಯಾಪಕರ ಮಾತೇ ಕೇಳಿಸದಿದ್ದಲ್ಲಿ ಮಲ್ಪೆಯ ಅಥವಾ ಠಾಣೆ ಖಾಡಿಯ ಮೀನುಗಾರನ ಮಾತು ಕೇಳಿಸೀತೆಂದು ನಿರೀಕ್ಷಿಸುವುದು ಹೇಗೆ?

ಶಾಸ್ತ್ರ ಸಭಾಂಗಣದಲ್ಲೇ ಉಳಿಯುವಂಥದ್ದಾಗಿದ್ದರೆ ಚಿಂತೆಯಿರಲಿಲ್ಲ. ಅದು ಹೊರಗೆ ಬಂದು ಕಾನೂನಾಗುತ್ತದೆ. ಒಡೆಯನಿಲ್ಲದ್ದೇ ದೋಷವಾದರೆ ಒಡೆತನವನ್ನು ಸೃಷ್ಟಿಸೋಣ ಎಂದು ನ್ಯೂಜಿಲೆಂಡ್ 1986ರಲ್ಲಿ ಮೀನು ಹಿಡಿಯುವ ಹಕ್ಕನ್ನು ಪಾಲುಮಾಡಿ, ಕೊಳ್ಳಬಹುದಾದ, ಮಾರಬಹುದಾದ ಸೊತ್ತನ್ನಾಗಿಸಿತು. ಆಗ ಅಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳು ಎದ್ದು ಕೇಳಿದರು: ಒಡೆಯನಿಲ್ಲವೆಂದು ನಿಮಗೆ ಹೇಳಿದವರು ಯಾರು? 1840ರ ಒಪ್ಪಂದದಲ್ಲೇ ನಮ್ಮ ಮೀನುಗಾರಿಕೆಯ ಹಕ್ಕನ್ನು ನೀವು ಒಪ್ಪಿದ್ದಿರಲ್ಲ! ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿ, 1992ರಲ್ಲಿ ರಾಜಿಯಾಗಿ, ಅವರಿಗೆ ಪಾಲು ಕೊಡಬೇಕಾಯಿತು. ಯಾರೂ ಇಲ್ಲ ಎಂದು ಬರೆದಿದ್ದ ಜಾಗದಲ್ಲಿ ಒಂದು ಜನಾಂಗವೇ ಇತ್ತು.

ಅದೇ 1992ರಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡ್ ತೀರದಲ್ಲಿ ಕಾಡ್ ಮೀನಿನ ಸಂತತಿ ಕುಸಿದು, ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು. ಆ ನಿಷೇಧ ತೆರವಾದದ್ದು 2024ರಲ್ಲಿ. ಗಮನಿಸಬೇಕಾದ ಸಂಗತಿಯೆಂದರೆ, ದಡದ ಸಮೀಪ ಚಿಕ್ಕ ದೋಣಿಗಳಲ್ಲಿ ಹೋಗುತ್ತಿದ್ದವರು 1980ರ ದಶಕದಲ್ಲೇ ಮೀನು ಕಡಿಮೆಯಾಗುತ್ತಿದೆ, ಗಾತ್ರದಲ್ಲೂ ಕುಗ್ಗುತ್ತಿದೆ ಎಂದು ಎಚ್ಚರಿಸಿದ್ದರು. ಲೆಕ್ಕ ಮಾಡುವವರ ಅಂದಾಜು ಬೇರೆ ಹೇಳುತ್ತಿತ್ತು. ಅಂದಾಜು ಗೆದ್ದಿತು, ಮೀನು ಸೋತಿತು.

ನಮ್ಮ ಕರಾವಳಿಯ ಕಥೆಯೂ ಇದಕ್ಕಿಂತ ಬೇರೆಯಲ್ಲ. ರಂಪಣಿ ಬಲೆಯನ್ನು ಕಂಡ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಬಂಗುಡೆ, ಬೂತಾಯಿಯ ಹಿಂಡು ದಡದ ಹತ್ತಿರ ಬಂದಾಗ ದೋಣಿಯಿಂದ ಉದ್ದನೆಯ ಬಲೆಯನ್ನು ಸುತ್ತ ಹಾಯಿಸಿ, ಎರಡೂ ತುದಿಯ ಹಗ್ಗವನ್ನು ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಹಿಡಿದದ್ದನ್ನು ಪಾಲು ಹಾಕುತ್ತಿದ್ದರು. ಬಲೆಗೆ ಪಾಲು, ದೋಣಿಗೆ ಪಾಲು, ಹಗ್ಗಕ್ಕೆ ಕೈಹಚ್ಚಿದವನಿಗೂ ಪಾಲು. 1970ರ ದಶಕದ ನಡುಭಾಗದಲ್ಲಿ ಪರ್ಸಿನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವವರೆಗೆ ಕಾಯುವ ಬದಲು ಅದನ್ನು ಕಡಲಲ್ಲೇ ಸುತ್ತುವರಿಯತೊಡಗಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಗೋವೆಯಲ್ಲಿ ಇದೇ ಬಗೆಯ ಬಲೆ ಎಳೆಯುವ ರಾಂಪಣಕಾರರು ಯಾಂತ್ರಿಕ ದೋಣಿಗಳ ವಿರುದ್ಧ ದೊಡ್ಡ ಚಳವಳಿಯನ್ನೇ ಹೂಡಿದರು. ಕರ್ನಾಟಕದಲ್ಲಿ ಕಡಲ ಮೀನುಗಾರಿಕೆಯ ನಿಯಂತ್ರಣ ಕಾನೂನು ಆದದ್ದು 1986ರಲ್ಲಿ. ಒಟ್ಟು ಹಿಡಿದ ಮೀನಿನ ತೂಕವನ್ನಷ್ಟೇ ನೋಡುವ ಲೆಕ್ಕದಲ್ಲಿ ಈ ಬದಲಾವಣೆಗೆ ಪ್ರಗತಿಯೆಂದು ಹೆಸರು. ಮರಳಿನ ಮೇಲಿನ ಪಾಲು ಎಲ್ಲಿ ಹೋಯಿತೆಂಬುದಕ್ಕೆ ಆ ಲೆಕ್ಕದಲ್ಲಿ ಕಲಮೇ ಇಲ್ಲ. ಹಗ್ಗ ಬಿಟ್ಟ ಕೈಗಳಲ್ಲಿ ಕೆಲವು ಬೋಟಿನ ಕೂಲಿಗೆ ಹೋದವು. ಕೆಲವು ಮುಂಬಯಿಯ ಬಸ್ಸು ಹತ್ತಿ ಹೋಟೆಲುಗಳಲ್ಲಿ ಮೇಜು ಒರೆಸಿದವು.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಬರುತ್ತದೆ. ಮೀನುಗಾರ ಹೇಳಿದ್ದೆಲ್ಲ ಸತ್ಯವೇ? ಮರಿಮೀನನ್ನು ಬಾಚಿ ತರುವ ಸಣ್ಣ ಕಣ್ಣಿನ ಬಲೆಯನ್ನು ಹಾಕುವವನೂ ಅವನೇ ಅಲ್ಲವೇ? ಜೂನ್, ಜುಲೈ ತಿಂಗಳ 61 ದಿನಗಳ ನಿಷೇಧವನ್ನು ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳಿಗೆ ಕಾನೂನಿನಿಂದಲೇ ಹೇರಬೇಕಾಯಿತಲ್ಲವೇ? ವೈದ್ಯಕೀಯ ಗೋಷ್ಠಿಗೆ ರೋಗಿಯನ್ನು ಕರೆಯದಿದ್ದರೆ ಯಾರೂ ತಪ್ಪೆನ್ನುವುದಿಲ್ಲ, ಮೀನುಗಾರನನ್ನೇಕೆ ಕರೆಯಬೇಕು?

ಆಕ್ಷೇಪದ ಮೊದಲ ಅರ್ಧವನ್ನು ನಾವು ಒಪ್ಪುತ್ತೇವೆ. ಬಡತನ ಯಾರನ್ನೂ ತಾನಾಗಿ ಜ್ಞಾನಿಯನ್ನಾಗಿ ಮಾಡುವುದಿಲ್ಲ. ಗಾರ್ಡನ್ನರ ತರ್ಕ ಬೋಟಿನ ಮಾಲೀಕನಿಗೆ ಅನ್ವಯಿಸುವಂತೆ ಬಡ ಮೀನುಗಾರನಿಗೂ ಅನ್ವಯಿಸುತ್ತದೆ. ಆದರೆ ಎರಡನೆಯ ಅರ್ಧ ನಿಲ್ಲುವುದಿಲ್ಲ. ರೋಗಿ ತನ್ನ ರೋಗವನ್ನು ಅನುಭವಿಸುತ್ತಾನೆ, ಅದನ್ನು ಆಳುವುದಿಲ್ಲ. ಮೀನುಗಾರರು ಕಡಲನ್ನು ಕಟ್ಟುಪಾಡುಗಳಿಂದ ಆಳಿದ್ದೂ ಉಂಟು. ಟರ್ಕಿ ದೇಶದ ಅಲಾನ್ಯಾ ಎಂಬಲ್ಲಿ ಸುಮಾರು ನೂರು ಮಂದಿ ಮೀನುಗಾರರು ಪ್ರತಿ ಸೆಪ್ಟೆಂಬರಿನಲ್ಲಿ ಚೀಟಿ ಎತ್ತಿ, ಯಾರು ಎಲ್ಲಿ ಬಲೆ ಬಿಡಬೇಕೆಂದು ನಿಶ್ಚಯಿಸುತ್ತಿದ್ದರು. ಪ್ರತಿದಿನ ಒಂದೊಂದು ಜಾಗ ಸರಿಯುತ್ತಿದ್ದುದರಿಂದ ಒಳ್ಳೆಯ ನೆಲೆಯೂ ಕೆಟ್ಟ ನೆಲೆಯೂ ಎಲ್ಲರಿಗೂ ಸರದಿಯಲ್ಲಿ ಸಿಗುತ್ತಿತ್ತು. ಜಗಳವೆದ್ದರೆ ತಾವೇ ಕುಳಿತು ತೀರಿಸಿಕೊಳ್ಳುತ್ತಿದ್ದರು. ಅಮೆರಿಕದ ಎಲಿನರ್ ಆಸ್ಟ್ರಮ್ ಅವರು ಇಂಥ ವ್ಯವಸ್ಥೆಗಳನ್ನು ದೇಶದೇಶಗಳಿಂದ ಕಲೆಹಾಕಿ 1990ರಲ್ಲಿ ಗ್ರಂಥ ಬರೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು. ಅವರು ಮಾಡಿದ ಮುಖ್ಯ ಕೆಲಸವೆಂದರೆ, ಶಾಸ್ತ್ರ ಇಲ್ಲವೆಂದು ಊಹಿಸಿದ್ದನ್ನು ಇದೆಯೋ ಇಲ್ಲವೋ ಎಂದು ಹೋಗಿ ನೋಡಿದ್ದು.

ಇನ್ನೂ ಆಳವಾದ ಕಾರಣವೊಂದಿದೆ. ಗೋಷ್ಠಿಯ ಪರದೆಯ ಮೇಲೆ ಏರಿಳಿಯುವ ಆ ಗೆರೆಗಳು ಎಲ್ಲಿಂದ ಬಂದವು? ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದರು ಬಂದರಿಗೆ ಹೋಗಿ, ದಕ್ಕೆಯಲ್ಲಿ ನಿಂತು, ಬೋಟಿನವರನ್ನು ಕೇಳಿ, ಬುಟ್ಟಿಗಳನ್ನು ನೋಡಿ ಬರೆದುಕೊಂಡ ಅಂಕಿಗಳೇ ಅವು. ನಿದ್ದೆಗೆಟ್ಟು ಬಂದವನು ಎಷ್ಟು ಹೊತ್ತು ಹೋದೆ, ಎಷ್ಟು ಡೀಸೆಲ್ ಸುಟ್ಟೆ, ಏನು ಸಿಕ್ಕಿತು ಎಂದು ಉತ್ತರಿಸಿದ್ದಾನೆ. ಆ ಉತ್ತರದಿಂದ ಪ್ರಬಂಧವಾಯಿತು, ಪ್ರಬಂಧದಿಂದ ಪದವಿ, ಪದವಿಯಿಂದ ಬಡ್ತಿ. ಜ್ಞಾನವೆಂಬ ಈ ಬಲೆಯ ಹಗ್ಗಕ್ಕೆ ಅವನೂ ಕೈಹಚ್ಚಿದ್ದಾನೆ. ಹಾಗಿದ್ದ ಮೇಲೆ ಅವನ ಪಾಲು ಎಲ್ಲಿ? ರಂಪಣಿಯಲ್ಲಿ ಪಾಲು ಕೊಡುವಾಗ ನೀನು ಪಂಡಿತನೋ ಪಾಮರನೋ ಎಂದು ಕೇಳುತ್ತಿರಲಿಲ್ಲ. ಎಳೆದವನಿಗೆ ಸಲ್ಲಬೇಕು, ಸಲ್ಲುತ್ತಿತ್ತು.

ನಮ್ಮ ಹಿರಿಯರು ಋಷಿಋಣವೆಂಬ ಮಾತನ್ನು ಹೇಳುತ್ತಿದ್ದರು. ಕಲಿಸಿದವರ ಋಣವನ್ನು ಹಣದಿಂದ ತೀರಿಸಲಾಗದು. ಕಲಿತದ್ದನ್ನು ಮತ್ತೊಬ್ಬರಿಗೆ ತಲುಪಿಸಿಯೇ ತೀರಿಸಬೇಕು. ಕಾವಿ ಉಟ್ಟವರು ಮಾತ್ರ ಋಷಿಗಳೆಂದು ನಾವೇಕೆ ತಿಳಿಯಬೇಕು? ಗಾಳಿ ಯಾವ ದಿಕ್ಕಿಗೆ ತಿರುಗಿದರೆ ಬೂತಾಯಿ ದಡಕ್ಕೆ ಬರುತ್ತದೆಂದು ಬಲ್ಲವನಿಂದ ಕಲಿತದ್ದೂ ಋಣವೇ.

ಹಾಗಾದರೆ ಗೋಷ್ಠಿಗಳಿಗೆ ಹೋಗಲೇಬಾರದೇ? ಖಂಡಿತ ಹೋಗಬೇಕು. ಲೆಕ್ಕವಿಲ್ಲದೆ ನ್ಯಾಯವೂ ದೊರೆಯದೆಂಬುದಕ್ಕೆ ನಮ್ಮ ಖಾಡಿಯೇ ಸಾಕ್ಷಿ. ಇದೇ ಠಾಣೆ ಖಾಡಿಯ ಮೇಲಿನ ಹೊಸ ಸೇತುವೆಯಿಂದ ಜೀವನೋಪಾಯಕ್ಕೆ ಧಕ್ಕೆಯಾಗುತ್ತದೆಂದು ಮೀನುಗಾರರ ಸಹಕಾರಿ ಸಂಘವೊಂದು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋದಾಗ, ಅವರಿಗೆ ಪರಿಹಾರ ಸಲ್ಲಬೇಕೆಂದು 2021ರಲ್ಲಿ ತೀರ್ಪಾಯಿತು. ನೀರಿಗೆ ಒಡೆತನದ ಪತ್ರವಿಲ್ಲದಿದ್ದರೂ ಅದರಲ್ಲಿ ದುಡಿದವನ ನಷ್ಟ ನಷ್ಟವೇ ಎಂದಂತಾಯಿತು. ಆದರೆ ಆ ನಷ್ಟವನ್ನು ರೂಪಾಯಿಯಲ್ಲಿ ಅಳೆಯಬೇಕಾದರೆ ಅರ್ಥಶಾಸ್ತ್ರಜ್ಞ ಬೇಕೇ ಬೇಕು. ಏನನ್ನು ಕಳೆದುಕೊಂಡೆವೆಂದು ಹೇಳಲು ಮೀನುಗಾರ ಬೇಕು. ಇಬ್ಬರಲ್ಲಿ ಒಬ್ಬನಿಲ್ಲದಿದ್ದರೂ ಲೆಕ್ಕ ತಪ್ಪುತ್ತದೆ.

ಆದ್ದರಿಂದ ನಮ್ಮ ಮನೆಗಳಿಂದ ಇಂಥ ಗೋಷ್ಠಿಗಳಿಗೆ ಹೋಗುವ ತರುಣ ತರುಣಿಯರಲ್ಲಿ ಒಂದೆರಡು ಮಾತು ವಿನಂತಿಸುತ್ತೇವೆ. ಓದಿದ ಪ್ರಬಂಧದ ಸಾರವನ್ನು ಒಂದೇ ಪುಟದಲ್ಲಿ, ಯಾರಿಂದ ಅಂಕಿ ಪಡೆದಿರೋ ಅವರ ಭಾಷೆಯಲ್ಲಿ, ಕನ್ನಡವಿರಲಿ, ತುಳುವಿರಲಿ, ಕೊಂಕಣಿಯಿರಲಿ, ಮರಾಠಿಯಿರಲಿ, ಬರೆದು ಅದೇ ದಕ್ಕೆಗೆ ಹೋಗಿ ಓದಿ ಹೇಳಿ. ಅವರು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂಬುದನ್ನು ಮುಂದಿನ ಪ್ರಬಂಧದಲ್ಲಿ ಬರೆಯಿರಿ. ಗೋಷ್ಠಿ ನಡೆಸುವ ಸ್ಥಾನದಲ್ಲಿದ್ದರೆ ವೇದಿಕೆಯ ಮೇಲೆ ಒಂದು ಕುರ್ಚಿಯನ್ನೂ ಪಕ್ಕದಲ್ಲಿ ಒಬ್ಬ ಅನುವಾದಕನನ್ನೂ ಹೆಚ್ಚಿಗೆ ಇಡಿ. ಹಾರ ಹಾಕಿ ಕಳುಹಿಸುವುದಕ್ಕಲ್ಲ, ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೆ. ಸಂಘದವರಾದ ನಾವೂ ಸುಮ್ಮನಿರಬೇಕಾಗಿಲ್ಲ. ವರ್ಷಕ್ಕೊಮ್ಮೆ ಭಾಂಡುಪ್‌ನಲ್ಲಿ ಒಂದು ಸಂಜೆ, ಕಲಿತವರನ್ನೂ ಖಾಡಿಯವರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವುದು ನಮ್ಮ ಶಕ್ತಿಗೆ ಮೀರಿದ ಕೆಲಸವಲ್ಲ.

ಇದರಿಂದ ಖಾಡಿಗೆ ಮೀನು ಮರಳೀತೆಂದು ನಾವು ಹೇಳುತ್ತಿಲ್ಲ. ಕೊಳೆನೀರು ಮಾತಿನಿಂದ ತಿಳಿಯಾಗುವುದಿಲ್ಲ. ಆದರೆ ಯಾರ ಬದುಕನ್ನು ಅಳೆದೆವೋ ಅವರೆದುರಿಗೆ ಆ ಅಳತೆಯನ್ನು ಇಟ್ಟು, ಸರಿಯೇ ಎಂದು ಕೇಳುವ ಸೌಜನ್ಯವಾದರೂ ವಿದ್ಯೆಗೆ ಬಂದೀತು. ಊರು ಬಿಟ್ಟು ಬಂದ ನಮ್ಮ ಕುರಿತಾಗಿಯೂ ಎಲ್ಲೆಲ್ಲೋ ಯಾರುಯಾರೋ ಲೆಕ್ಕ ಹಾಕುತ್ತಿರುತ್ತಾರೆ. ಅವರು ನಮ್ಮನ್ನೂ ಒಂದು ಮಾತು ಕೇಳಲಿ ಎಂದು ನಾವು ಬಯಸುವುದಿಲ್ಲವೇ?