ನಾಲ್ಕು ದಿನದ ಗುರು

(ಕಾರ್ತಿಕದ ರಾತ್ರಿ. ಕರೆಂಟ್ ಹೋಗಿದೆ. ತಾರಸಿಯ ಮೇಲೆ ದೊಡ್ಡಪ್ಪ ಮತ್ತು ವಸುಧಾ.)

ದೊಡ್ಡಪ್ಪ: ಪೂರ್ವಾಭಾದ್ರೆಯ ಎರಡು ನಕ್ಷತ್ರ ಅಗೋ ಅಲ್ಲಿವೆ. ನಿನ್ನ 51 ಪೆಗಾಸಿ ಎಲ್ಲಮ್ಮ?

ವಸುಧಾ: ಅವೆರಡರ ನಟ್ಟನಡುವಿಂದ ಪಶ್ಚಿಮಕ್ಕೆ, ಕೈ ಚಾಚಿ ಹಿಡಿದರೆ ಒಂದು ಬೆರಳಗಲ. ತೀರಾ ಮಂಕು. ಸೂರ್ಯನಂಥದೇ ನಕ್ಷತ್ರ, 50 ಜ್ಯೋತಿರ್ವರ್ಷ ದೂರ. ಆಕಾಶದ ಲೆಕ್ಕದಲ್ಲಿ ನೆರೆಮನೆ. ಅದರ ಮೈಗೆ ಅಂಟಿಕೊಂಡ ಹಾಗೆ ಒಂದು ದೈತ್ಯ ಗ್ರಹ, ಗುರುವಿನ ಅರ್ಧದಷ್ಟು ತೂಕದ್ದು. 4.23 ದಿನಕ್ಕೆ ಒಂದು ಸುತ್ತು.

ದೊಡ್ಡಪ್ಪ: ನಮ್ಮ ಗುರು ಒಂದು ರಾಶಿ ದಾಟುವುದಕ್ಕೇ ವರ್ಷ ಹಿಡಿಯುತ್ತಾನೆ. ಅಲ್ಲಿ ಎಂಟೂವರೆ ಗಂಟೆಗೊಂದು ರಾಶಿ! ಬೆಳಗ್ಗೆ ಗುರುಬಲ ಇದೆ ಅಂತ ಹೆಣ್ಣು ಒಪ್ಪಿದವರು ಸಂಜೆಗೆ ಬೇಡ ಅನ್ನಬೇಕು.

ವಸುಧಾ: ಜೋಯಿಸರನ್ನೇ ನೋಡಿ ಯಾಕೆ ನಗುತ್ತೀರಿ? ವಿಜ್ಞಾನಿಗಳೂ ಗುರುವಿನ ಪಂಚಾಂಗವನ್ನೇ ನೆಚ್ಚಿ ಕೂತಿದ್ದರು. ದೊಡ್ಡ ಗ್ರಹವೆಂದರೆ ದೂರದಲ್ಲಿರಬೇಕು, 12 ವರ್ಷಕ್ಕೊಮ್ಮೆ ಸುತ್ತಬೇಕು. ಹತ್ತಿರವೂ ಇರಬಹುದಲ್ಲ ಎಂದು ಆಟೊ ಸ್ಟ್ರೂವ್ 1952ರಲ್ಲೇ ಬರೆದಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಮೆರಿಕದ ಮಾರ್ಸಿ, ಬಟ್ಲರ್ ವರ್ಷಗಟ್ಟಲೆ ಅಳೆದಿಟ್ಟ ದಾಖಲೆಗಳಲ್ಲೇ ಗ್ರಹಗಳು ಅಡಗಿದ್ದವು. 1995ರಲ್ಲಿ 51 ಪೆಗಾಸಿಯ ಗ್ರಹದ ಸುದ್ದಿ ಹೊರಬಿದ್ದ ಮೇಲೆ ತಡಕಿದರು. 1996ರ ಜನವರಿ ಹೊತ್ತಿಗೆ ಎರಡು ಸಿಕ್ಕವು.

ದೊಡ್ಡಪ್ಪ: 51 ಪೆಗಾಸಿಯ ಗ್ರಹವನ್ನು ಕಣ್ಣಾರೆ ಕಂಡವರು ಯಾರು?

ವಸುಧಾ: ಯಾರೂ ಕಂಡಿರಲಿಲ್ಲ. ಗ್ರಹದ ಎಳೆತಕ್ಕೆ ನಕ್ಷತ್ರ ತೊನೆಯುತ್ತದೆ, ಸೆಕೆಂಡಿಗೆ ಸುಮಾರು 56 ಮೀಟರ್ ವೇಗದಲ್ಲಿ ಹಿಂದೆ ಮುಂದೆ. ಅದರ ಬೆಳಕಿನ ರೇಖೆಗಳು ಅಷ್ಟಕ್ಕೆ ತಕ್ಕಂತೆ ಸರಿಯುತ್ತವೆ. ಫ್ರಾನ್ಸಿನ ಹೋಟ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಮೇಯರ್ ಮತ್ತು ಕೆಲೋ ಹಿಡಿದದ್ದು ಅಷ್ಟನ್ನೇ. ಕೆಲೋ ಆಗಿನ್ನೂ ವಿದ್ಯಾರ್ಥಿ. ಮೊದಲು ತನ್ನ ಉಪಕರಣವೇ ಕೆಟ್ಟಿದೆ ಎಂದುಕೊಂಡ.

ದೊಡ್ಡಪ್ಪ: ಹೊಗೆ ಕಂಡು ಬೆಂಕಿ ಊಹಿಸಿದ ಹಾಗಾಯಿತು. ತರ್ಕದಲ್ಲಿ ಒಪ್ಪಿದ್ದೇ. ಆದರೆ ದೂರದಿಂದ ಕಂಡದ್ದು ಹೊಗೆಯೇ ಅಲ್ಲದೆ ಮಂಜಾಗಿದ್ದರೆ?

ವಸುಧಾ: ಡೇವಿಡ್ ಗ್ರೇ ಎಂಬ ಕೆನಡಾದ ವಿಜ್ಞಾನಿ 1997ರಲ್ಲಿ ಕೇಳಿದ್ದು ಅದನ್ನೇ. ಗ್ರಹಗಿಹ ಏನಿಲ್ಲ, ನಕ್ಷತ್ರದ ಮೈಯೇ ಮಿಡಿಯುತ್ತಿದೆ ಎಂದ. ಮರುವರ್ಷ ತಾನೇ ಮತ್ತೆ ಅಳೆದ. ಮಿಡಿತ ಸಿಗಲಿಲ್ಲ. ಗ್ರಹವೇ ಸರಿ ಎಂದು ತಾನೇ ಬರೆದ.

ದೊಡ್ಡಪ್ಪ: ಪ್ರಶಸ್ತಿ ಯಾರಿಗೆ?

ವಸುಧಾ: ಮೇಯರ್, ಕೆಲೋ ಅವರಿಗೆ 2019ರ ನೊಬೆಲ್‌ನ ಅರ್ಧ ಪಾಲು.

ದೊಡ್ಡಪ್ಪ: ನನ್ನ ಕೈಯಲ್ಲಿದ್ದರೆ ಗ್ರೇಗೂ ಒಂದು ಶಾಲು ಹೊದಿಸುತ್ತಿದ್ದೆ. ಇರಲಿ. ಅಷ್ಟು ಕಾವಿನಲ್ಲಿ ಆ ಗ್ರಹ ಹುಟ್ಟಿದ್ದಾದರೂ ಹೇಗೆ?

ವಸುಧಾ: ದೂರದ ತಣ್ಣನೆಯ ಜಾಗದಲ್ಲಿ ಹುಟ್ಟಿ ಒಳಕ್ಕೆ ಸರಿದು ಬಂದಿರಬೇಕು ಎನ್ನುವವರೇ ಹೆಚ್ಚು. ಅಂದರೆ ಗ್ರಹಗಳು ಹುಟ್ಟಿದಲ್ಲೇ ಇರುತ್ತವೆ ಅನ್ನುವ ನಂಬಿಕೆಯೂ ಹೋಯಿತು.

ದೊಡ್ಡಪ್ಪ: ಹಾಗಾದರೆ ಲೋಕದ ರೂಢಿ ಅದೇ, ನಮ್ಮ ಮನೆಯೇ ವಿಚಿತ್ರವೋ?

ವಸುಧಾ: ಅದೂ ದುಡುಕು. ಇಂಥ ಬಿಸಿ ಗುರುಗಳು ನೂರು ನಕ್ಷತ್ರಕ್ಕೆ ಒಂದು ಸಿಕ್ಕರೆ ಹೆಚ್ಚು. ಭಾರ ಜಾಸ್ತಿ, ದೂರ ಕಡಿಮೆ. ನಕ್ಷತ್ರವನ್ನು ಜೋರಾಗಿ ಜಗ್ಗುತ್ತವೆ. ಅದಕ್ಕೇ ಮೊದಲು ಸಿಕ್ಕವು.

ದೊಡ್ಡಪ್ಪ: ಜಾತ್ರೆಯಲ್ಲಿ ಕುಣಿಯುವವನೇ ಮೊದಲು ಕಣ್ಣಿಗೆ ಬೀಳುವುದು. ಸುಮ್ಮನೆ ನಿಂತವರ ಎಣಿಕೆ ಯಾರಿಗೆ ಬೇಕು?

(ಕರೆಂಟ್ ಬರುತ್ತದೆ. ಬೀದಿದೀಪ ಹತ್ತುತ್ತದೆ.)

ವಸುಧಾ: ಅಯ್ಯೋ, ಹೋಯಿತು!

ದೊಡ್ಡಪ್ಪ: ನನಗೆ ಕಂಡೇ ಇರಲಿಲ್ಲ. ಪಶ್ಚಿಮಕ್ಕೆ ಎಷ್ಟು ಬೆರಳು ಅಂದೆ?