ಕಲಿಸುವವನ ಅರ್ಹತೆ

ವಿದ್ಯಾಸಂಸ್ಥೆಯೊಂದು ತನ್ನ ಆಟದ ಅಂಗಳಕ್ಕೆ ಮುಖ್ಯ ತರಬೇತುದಾರನನ್ನು ಅರಸತೊಡಗಿದಾಗ, ಮೇಲ್ನೋಟಕ್ಕೆ ಆಡಳಿತದ ಕೆಲಸವಾಗಿ ಕಾಣುವ ಆ ಹುಡುಕಾಟದೊಳಗೆ ಭಾರತೀಯ ಚಿಂತನೆಯ ಬಹು ಹಳೆಯ ಪ್ರಶ್ನೆಯೊಂದು ಅಡಗಿರುತ್ತದೆ: ಕಲಿಸುವ ಅರ್ಹತೆ ಒಬ್ಬನಿಗೆ ಎಲ್ಲಿಂದ ಬರುತ್ತದೆ? ಶಾಸ್ತ್ರಗಳು ಇಂಥ ಅರ್ಹತೆಯನ್ನು ಅಧಿಕಾರವೆಂದು ಕರೆಯುತ್ತವೆ. ಶಿಷ್ಯನಿಗೆ ಇರಬೇಕಾದ ವಿವೇಕ, ವೈರಾಗ್ಯ ಮೊದಲಾದವನ್ನು ವಿಸ್ತಾರವಾಗಿ ವಿವರಿಸುವ ವೇದಾಂತ ಪರಂಪರೆ, ಗುರುವಿನ ವಿಷಯಕ್ಕೆ ಬಂದಾಗ ಮುಂಡಕೋಪನಿಷತ್ತಿನ ಎರಡು ಲಕ್ಷಣಗಳನ್ನೇ ಮುಖ್ಯವಾಗಿ ಆಧರಿಸುತ್ತದೆ. ಆತ ಶ್ರೋತ್ರಿಯನಾಗಿರಬೇಕು, ಎಂದರೆ ವಿದ್ಯೆಯನ್ನು ಕ್ರಮವಾಗಿ ಕೇಳಿ ಪಡೆದಿರಬೇಕು. ಬ್ರಹ್ಮನಿಷ್ಠನಾಗಿರಬೇಕು, ಎಂದರೆ ಆ ವಿದ್ಯೆ ತೋರಿದ ತತ್ತ್ವದಲ್ಲಿ ನೆಲೆನಿಂತಿರಬೇಕು. ಮೊದಲನೆಯದಕ್ಕೆ ಪ್ರಮಾಣಪತ್ರವಾದರೂ ಸಾಕ್ಷಿ ನುಡಿದೀತು, ಆದರೆ ನಿಷ್ಠೆಯನ್ನು ಸಂದರ್ಶನದ ಕೋಣೆಯಲ್ಲಿ ಅಳೆಯುವ ಬಗೆ ಯಾರಿಗೂ ತಿಳಿದಿಲ್ಲ.

ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಪೂರೈಸಿದ ಮಹಾಭಾರತದ ಪರಿಷ್ಕರಣದಲ್ಲಿ, ಆದಿಪರ್ವವು ಇಂಥದೊಂದು ಆಯ್ಕೆಯ ಕಥೆಯನ್ನೇ ಹೇಳುತ್ತದೆ. ಮೊಮ್ಮಕ್ಕಳಿಗೆ ಕೃಪನಿಗಿಂತ ಮಿಗಿಲಾದ ಆಚಾರ್ಯನೊಬ್ಬ ಬೇಕೆಂದು ಭೀಷ್ಮ ಬಯಸುತ್ತಿದ್ದಾಗ, ಬಾವಿಗೆ ಬಿದ್ದ ಆಟದ ಸಾಮಗ್ರಿಯನ್ನು ಹುಲ್ಲುಕಡ್ಡಿಗಳನ್ನೇ ಬಾಣವಾಗಿಸಿ ಮೇಲೆತ್ತಿದ ದ್ರೋಣ ಅವನ ಕಣ್ಣಿಗೆ ಬೀಳುತ್ತಾನೆ. ಕೌಶಲದ ಪರೀಕ್ಷೆಯೆಂಬ ದೃಷ್ಟಿಯಿಂದ ಇದರಲ್ಲಿ ಕುಂದೇನೂ ಇಲ್ಲ, ಅರ್ಜುನನಂಥ ಬಿಲ್ಲುಗಾರ ರೂಪುಗೊಂಡದ್ದೂ ಈ ಆಯ್ಕೆಯಿಂದಲೇ. ಆದರೆ ದ್ರುಪದನ ಮೇಲಿನ ಹಗೆಯನ್ನು ಎದೆಯಲ್ಲಿಟ್ಟುಕೊಂಡೇ ಬಂದ ಆ ಆಚಾರ್ಯ ಶಿಷ್ಯರನ್ನು ತನ್ನ ಸೇಡಿನ ಸಾಧನವಾಗಿಸಿಕೊಂಡದ್ದು, ನಿಷಾದನ ಮಗನೆಂಬ ಕಾರಣಕ್ಕೆ ಏಕಲವ್ಯನನ್ನು ಹಿಂದಕ್ಕೆ ಕಳುಹಿಸಿ ಕೊನೆಗೆ ಅವನ ಹೆಬ್ಬೆರಳನ್ನೇ ಕೇಳಿದ್ದು, ಇವೆರಡನ್ನೂ ಬಾವಿಕಟ್ಟೆಯ ಬಳಿ ನಡೆದ ಪರೀಕ್ಷೆ ಮುಂಗಾಣಲಾರದೆ ಹೋಯಿತು.

ಇದಕ್ಕೆ ಪ್ರತಿಯಾಗಿ ನಿಲ್ಲುವ ನಿದರ್ಶನವೂ ಪುಣೆಯದೇ, ಕನ್ನಡ ನಾಡಿಗೆ ಸೇರಿದ್ದೂ ಹೌದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು ಹುಟ್ಟಿ, ಮಲೇರಿಯಾ, ಕ್ಷಯ, ವಿಷಮಶೀತಜ್ವರಗಳಿಂದ ಬಾಲ್ಯದಲ್ಲೇ ನಲುಗಿದ ಬಿ.ಕೆ.ಎಸ್. ಅಯ್ಯಂಗಾರ್, ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಮ್ಮ ಭಾವ ಟಿ. ಕೃಷ್ಣಮಾಚಾರ್ಯರಿಂದ ಪಡೆದದ್ದು ಅಲ್ಪಕಾಲದ ಶಿಕ್ಷಣ. ಪುಣೆಯ ಹೆಸರಾಂತ ಕ್ರೀಡಾಸಂಸ್ಥೆಯಾದ ಡೆಕ್ಕನ್ ಜಿಮ್ಖಾನಾಕ್ಕೆ 1937ರಲ್ಲಿ ಯೋಗಶಿಕ್ಷಕನೊಬ್ಬ ಬೇಕಾದಾಗ, ಬೆಳಗಾವಿಯಲ್ಲಿ ಕೃಷ್ಣಮಾಚಾರ್ಯರ ಮತ್ತು ಅವರ ಶಿಷ್ಯರ ಪ್ರದರ್ಶನವನ್ನು ಕಂಡಿದ್ದ ವೈದ್ಯ ವಿ.ಬಿ. ಗೋಖಲೆಯವರ ಮುತುವರ್ಜಿಯಿಂದ ಆಹ್ವಾನ ಹೋಯಿತು. ಗುರು ಈ ಹದಿನೆಂಟರ ತರುಣನನ್ನು ಕಳುಹಿಸಿದ್ದಕ್ಕೆ ಒಂದು ಕಾರಣ, ಅಯ್ಯಂಗಾರರಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿದ್ದದ್ದು. ಆರು ತಿಂಗಳ ನೇಮಕ, ಮರಾಠಿ ಬಾರದು, ಎದುರಿಗೆ ನಿಂತ ಶಿಷ್ಯರಲ್ಲಿ ಹಲವರು ವಯಸ್ಸಿನಲ್ಲಿ ಹಿರಿಯರು, ಮೈಕಟ್ಟಿನಲ್ಲಿ ಬಲಿಷ್ಠರು, ಓದಿನಲ್ಲಿ ಮುಂದಿದ್ದವರು. ಶ್ರೋತ್ರಿಯತ್ವದ ಅಳತೆಗೋಲಿನಲ್ಲಿ ಈ ಆಯ್ಕೆ ಅರೆಕೊರೆಯಾದದ್ದೇ ಸರಿ. ಹಾಗಿದ್ದೂ ಕಲಿಸಬೇಕಾದ ಹೊಣೆಯೇ ಅವರನ್ನು ದಿನವೂ ಗಂಟೆಗಟ್ಟಲೆ ಸ್ವಂತ ಅಭ್ಯಾಸಕ್ಕೆ ನೂಕಿತು. ಒಪ್ಪಂದ ಮುಗಿದ ಮೇಲಿನ ಬಡತನದ ವರ್ಷಗಳಲ್ಲೂ ಆ ಅಭ್ಯಾಸ ನಿಲ್ಲಲಿಲ್ಲ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಹಗ್ಗ, ಇಟ್ಟಿಗೆಯಾಕಾರದ ಮರದ ತುಂಡು, ಕುರ್ಚಿ, ಪಟ್ಟಿ ಇವುಗಳ ಆಸರೆಯಿಂದ ರೋಗಿಗಳೂ ವೃದ್ಧರೂ ಆಸನದಲ್ಲಿ ನಿಲ್ಲುವಂತೆ ಮಾಡಿದ ಅಯ್ಯಂಗಾರರ ವಿಧಾನ, ಅಧಿಕಾರವೆಂಬ ಕಲ್ಪನೆಯನ್ನೇ ತಿರುಗಿಸಿ ನಿಲ್ಲಿಸಿತು: ಶಿಷ್ಯನ ದೇಹ ವಿದ್ಯೆಗೆ ತಕ್ಕದ್ದಾಗಿದೆಯೇ ಎಂದು ಕೇಳುವುದಕ್ಕೆ ಮೊದಲು, ವಿದ್ಯೆಯನ್ನು ಈ ದೇಹದವರೆಗೆ ಕೊಂಡೊಯ್ಯುವುದು ಹೇಗೆಂದು ಕೇಳಬೇಕಾದವನು ಗುರು. ದ್ರೋಣ ಬಾಗಿಲು ಮುಚ್ಚಿದ ಜಾಗ ಇದೇ ಆದ್ದರಿಂದ, ನಿಷ್ಠೆಯ ಗುರುತನ್ನು ಇಲ್ಲಿಯೇ ಹುಡುಕುವುದು ನ್ಯಾಯ.

ಹಾಗಾದರೆ ಅರ್ಹತೆಯನ್ನು ನೋಡದೆಯೇ ನೇಮಿಸಬಹುದೇ ಎಂಬ ಆಕ್ಷೇಪ ಏಳುವುದು ಸಹಜ. ಅದು ಸಲ್ಲದು, ಆಸನದಲ್ಲಾಗಲಿ ಆಟದಲ್ಲಾಗಲಿ ಅರಿಯದವನ ಕೈಯಲ್ಲಿ ಮುರಿಯುವುದು ಮಕ್ಕಳ ಮೂಳೆ. ಆದರೆ ನೇಮಕದ ದಿನ ಕೈಗೆ ಸಿಗುವುದು ಕೌಶಲದ ಸಾಕ್ಷ್ಯ ಮಾತ್ರ; ನಿಷ್ಠೆ ಕಲಿಸುತ್ತ ಕಲಿಸುತ್ತ ಮಾಗುವಂಥದು, ಮತ್ತು ಅದಕ್ಕೆ ಕಾಲ ಬೇಕು. ಆದ್ದರಿಂದ ತರಬೇತುದಾರನನ್ನು ಅರಸುವ ಕಾಲೇಜುಗಳು, ಅಭ್ಯರ್ಥಿ ಗೆದ್ದುಕೊಟ್ಟ ಪದಕಗಳ ಜೊತೆಗೆ, ತಂಡಕ್ಕೆ ಆಯ್ಕೆಯಾಗದ ಹುಡುಗ ಹುಡುಗಿಯರಿಗೆ ಆತ ಏನು ಕಲಿಸಿದನೆಂಬುದನ್ನೂ ವಿಚಾರಿಸಬೇಕು; ನೇಮಿಸಿದ ಮೇಲೂ ವರ್ಷವರ್ಷ ಅದೇ ಪ್ರಶ್ನೆಯನ್ನು ಕೇಳುತ್ತಿರಬೇಕು.