ಹೊತ್ತೇರುವ ಮುನ್ನ

ಮಾಬುಕಳದ ಸೇತುವೆಯಲ್ಲಿ ಸೀತಾನದಿ ದಾಟುವಾಗ ಕಾರಿನ ಗಾಜು ಇಳಿಸಿದೆವು. ಹಿಂದೆ ಬ್ರಹ್ಮಾವರದ ಪೇಟೆಯಲ್ಲಿ ತುಳು ಕಿವಿಗೆ ಬಿದ್ದಿತ್ತು. ಸಾಸ್ತಾನ ದಾಟಿ ಸಾಲಿಗ್ರಾಮ, ಕೋಟ ಬರುವಷ್ಟರಲ್ಲಿ ಎಲ್ಲೆಲ್ಲೂ ಕುಂದಾಪ್ರ ಕನ್ನಡ. ಊರೊಂದರ ರುಚಿ ಮೊದಲು ಮಾತಿನಲ್ಲಿ ಸಿಗುತ್ತದೆ, ಎಲೆಗೆ ಬರುವುದು ಆಮೇಲೆ.

*

ಬ್ರಹ್ಮಾವರ, ಕುಂದಾಪುರ, ಬೈಂದೂರು ಈಗ ಮೂರು ತಾಲ್ಲೂಕು. ನೀರುದೋಸೆಗೆ ಅದು ಇನ್ನೂ ಗೊತ್ತಾಗಿಲ್ಲ.

*

ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ನಾಲ್ವರು ನಾವು. 'ಒಮ್ಮೆ ಊರು ಸುತ್ತಿ ಉಣ್ಣಬೇಕು' ಎಂದು ಹೇಳುತ್ತಲೇ ಹನ್ನೊಂದು ವರ್ಷ ಕಳೆದೆವು. ಅಷ್ಟರಲ್ಲಿ ಒಬ್ಬನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಖಾರ ನಿಷೇಧವಾಯಿತು. ಮುಂದೂಡಿದ ಊಟ ಕಾದಿರುತ್ತದೆ; ಉಣ್ಣುವ ಹೊಟ್ಟೆ ಕಾಯುವುದಿಲ್ಲ.

*

ಶೇಂದಿಯನ್ನು ಕುಡಿದವರೆಲ್ಲ ಅದು ಇಳಿಯುವುದನ್ನು ನೋಡಿರುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ತೋಟದಲ್ಲಿ ನಿಂತು ನೋಡಿದೆವು. ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನಗಟ್ಟಲೆ ಹದವಾಗಿ ಬಡಿದು ಪಳಗಿಸಿರುತ್ತಾರೆ. ಮರ ಹತ್ತಿದವರು ಅದರ ತುದಿಯನ್ನು ಕತ್ತಿಯಿಂದ ವೀಳ್ಯದೆಲೆಯಷ್ಟು ತೆಳ್ಳಗೆ ಸವರಿದರು. ತುಸು ದಪ್ಪವಾಗಿ ಕೊಯ್ದರೆ ಹೊಂಬಾಳೆ ಬೇಗ ಮುಗಿಯುತ್ತದೆ, ಕೊಯ್ಯದೆ ಬಿಟ್ಟರೆ ರಸ ನಿಲ್ಲುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆಯಲ್ಲಿ ಜಾರುವ ಮರವಾದರೂ ಹತ್ತಲೇಬೇಕು. ನಮ್ಮ ಲೋಟಕ್ಕೆ ಬಿದ್ದದ್ದು ಆ ಕೈಯ ಅಳತೆ. ಕುಡಿಯುವವನ ಬಗ್ಗೆ ನಾಲ್ಕು ಮಾತಾಡುವ ಊರು, ಹತ್ತುವವನ ಬಗ್ಗೆ ಒಂದಾದರೂ ಒಳ್ಳೆಯ ಮಾತಾಡಬೇಕು.

*

ಫ್ರಾನ್ಸಿನ ಬೋರ್ಡೊ ಸೀಮೆಯವರು ತಮ್ಮ ಅತ್ಯುತ್ತಮ ದ್ರಾಕ್ಷಿ ಮದ್ಯವನ್ನು ನೆಲಮಾಳಿಗೆಯಲ್ಲಿಟ್ಟು ವರ್ಷಗಟ್ಟಲೆ ಕಾಯುತ್ತಾರೆ. ವಯಸ್ಸಾದಂತೆ ಅದರ ಬೆಲೆ ಏರುತ್ತದೆ. ತೆಂಗಿನ ಕಳ್ಳಿನ ಆಯುಸ್ಸು ಒಂದು ಹಗಲು. ಇಳಿಸಿದಾಗ ಸಿಹಿ, ಬಿಸಿಲೇರಿದಾಗ ನಾಲಿಗೆಗೆ ಚುರುಕು, ಸಂಜೆಗೆ ಹುಳಿ, ಬಿಟ್ಟರೆ ವಿನೆಗರ್. ಗಾಳಿಯಲ್ಲಿರುವ ಯೀಸ್ಟ್‌ಗೆ ಯಾರ ಅಪ್ಪಣೆಯೂ ಬೇಡ. ಮಡಕೆಗೆ ಸುಣ್ಣ ಬಳಿದರೆ ಹುಳಿಯೇರುವುದು ತಡವಾಗುತ್ತದೆ, ಅಷ್ಟೇ. ಹಾಗಾಗಿ ಅದನ್ನು ಬಯಸಿದವರು ಮರದ ಬುಡಕ್ಕೇ ಬರಬೇಕು. ಹೀಗೆ ತನ್ನ ಬಳಿಗೇ ಕರೆಸಿಕೊಳ್ಳುವ ರುಚಿಗಳು ಈಗ ಬಹಳ ಉಳಿದಿಲ್ಲ.

*

ಶಾಂಪೇನ್ ಎಂಬ ಹೆಸರನ್ನು ಅದೇ ಹೆಸರಿನ ಸೀಮೆಯ ಮದ್ಯಕ್ಕೆ ಮಾತ್ರ ಇಡಬೇಕೆಂದು ಅಲ್ಲಿಯವರು ಕಾನೂನು ಮಾಡಿಕೊಂಡಿದ್ದಾರೆ. ನಮ್ಮ ಕೋಳಿ ಘೀ ರೋಸ್ಟ್ ಕುಂದಾಪುರದಲ್ಲಿ ಹುಟ್ಟಿ ಊರೂರಿಗೆ ಹೋಯಿತು, ಯಾರೂ ತಡೆಯಲಿಲ್ಲ. ಹೋದಲ್ಲೆಲ್ಲ ಕೆಂಪು ಬಣ್ಣ ತಪ್ಪದೆ ಹೋಗಿದೆ. ಬ್ಯಾಡಗಿ ಮೆಣಸನ್ನು ಸೀಯದಂತೆ ಹುರಿಯುವ ತಾಳ್ಮೆ ಎಲ್ಲ ಕಡೆಗೂ ಹೋಗಿಲ್ಲ.

*

ಅಡುಗೆಯ ಜಾಣ್ಮೆ ಪಾಕದ ಪುಸ್ತಕಕ್ಕಿಂತ ಮೂಗಿನಲ್ಲಿರುತ್ತದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಎಲ್ಲ ಹುರಿದಾದ ಮೇಲೆ ಗೆಳೆಯನ ಅಮ್ಮ ಮೆಂತೆಯನ್ನು ಬಾಣಲೆಗೆ ಹಾಕಿ, ಮುಖ ಸ್ವಲ್ಪ ಮುಂದೆ ತಂದು ಕಾದರು. 'ಸಾಕ್' ಅಂದರು. ಇನ್ನು ಎರಡು ಸೆಕೆಂಡು ಬಿಟ್ಟಿದ್ದರೆ ಇಡೀ ಮಸಾಲೆ ಪುಡಿ ಕಹಿ.

*

1924ರಲ್ಲಿ ಬೆಂಗಳೂರಿನಲ್ಲಿ ಎಂಟಿಆರ್ ಶುರು ಮಾಡಿದ ಮಯ್ಯ ಸಹೋದರರು ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಅದೇ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತು. ನಮ್ಮ ಕರಾವಳಿಯ ಹುಡುಗರು ಹಸಿವಿಗಾಗಿ ಊರು ಬಿಟ್ಟು, ಹೋದ ಊರಿನ ಹಸಿವು ತೀರಿಸಿದರು. ಪಾರಂಪಳ್ಳಿಯ ದಾರಿಯಲ್ಲಿ ಹೋಗುವಾಗ ಇದು ನೆನಪಾಗಿ ಕಾರಿನೊಳಗೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ನಾಲ್ವರಲ್ಲಿ ಇಬ್ಬರ ಅಪ್ಪಂದಿರೂ ಹೋಟೆಲಿನಲ್ಲಿ ಲೋಟ ತೊಳೆದೇ ಮೇಲೆ ಬಂದವರು.

*

'ಸಾಕು' ಎಂಬುದಕ್ಕೆ ಇಲ್ಲಿ ಅರ್ಥವೇ ಬೇರೆ. 'ಅದೆಲ್ಲ ಆತಿಲ್ಲೆ, ಇನ್ನೊಂದ್ ಹಾಕ್ಕಣಿ' ಎಂದು ದೋಸೆ ಬಿದ್ದ ಮೇಲೆ ನಿಜವಾದ ಊಟ ಶುರು.

*

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಗಂಗೊಳ್ಳಿಯ ಯಾಂತ್ರಿಕ ದೋಣಿಗಳು ದಡಕ್ಕೆ ಕಟ್ಟಿಸಿಕೊಂಡಿರುತ್ತವೆ. ಮೀನು ಮೊಟ್ಟೆಯಿಡುವ ಕಾಲ. ಉಣ್ಣುವವರೂ ಕಾಯಬೇಕೆಂದು ಒಪ್ಪಿಕೊಂಡದ್ದರಿಂದಲೇ ಆಗಸ್ಟಿನ ಬೈಗೆ ಮೀನಿಗೆ ಅಷ್ಟು ಸಂಭ್ರಮ.

*

ಐದು ನದಿಗಳು ಸೇರುವ ಪಂಚಗಂಗಾವಳಿಯ ದಡದಲ್ಲಿ ನಿಂತು 'ಯಾವ ನೀರು ಯಾವ ನದಿಯದು?' ಎಂದು ಕೇಳಿದೆ. ದೋಣಿಯವರು ನಕ್ಕರು. ಅವರ ಬುಟ್ಟಿಯ ಏಡಿಗೂ ಅದು ಗೊತ್ತಿರಲಿಕ್ಕಿಲ್ಲ. ಸಿಹಿನೀರು ಉಪ್ಪುನೀರು ಕಲೆತಲ್ಲೇ ಅದು ಕೊಬ್ಬುವುದು.

*

ಆಸಾಡಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತೇವೆ. ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆ, ಕಹಿಯೆಂದರೆ ಕಹಿ. ಅದರ ಹಿಂದೆ ಮೆಂತೆ ಗಂಜಿ. ಅದೇ ಅಮಾವಾಸ್ಯೆಯನ್ನು ಕೆಲವು ವರ್ಷಗಳಿಂದ ವಿಶ್ವ ಕುಂದಾಪ್ರ ಕನ್ನಡ ದಿನವೆಂದು ಆಚರಿಸುತ್ತಿದ್ದಾರೆ. ಭಾಷೆಯ ಹಬ್ಬಕ್ಕೆ ಕಹಿಯ ದಿನ ಆರಿಸಿದ್ದು ನನಗೆ ಬಹಳ ಇಷ್ಟ. ಬಾಲ್ಯದಲ್ಲಿ ಮೂಗು ಹಿಡಿದು ಕುಡಿಸಿದ್ದನ್ನು ಮರೆಯಲು ಯಾರಿಗೂ ಆಗಿಲ್ಲ.

*

ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೊಸದಾಗಿ ಮದುವೆಯಾದವರು ಬಂದು ಕಬ್ಬಿನ ಕೊಡಿ ಒಯ್ಯುತ್ತಾರೆ. ಕೊಡಿಯೆಂದರೆ ತುದಿಯ ಚಿಗುರು. ಕಬ್ಬಿನಲ್ಲಿ ಸಿಹಿ ಕಡಿಮೆಯಿರುವುದೂ ಅಲ್ಲೇ, ಮುಂದೆ ಬೆಳೆಯುವುದೂ ಅಲ್ಲಿಂದಲೇ.

*

ನಾವು ಮೂವರು ಕೋಳಿ ಸಾರಿಗೆ ದೋಸೆ ಅದ್ದುತ್ತಿದ್ದಾಗ ಖಾರ ಬಿಟ್ಟ ಗೆಳೆಯನಿಗೆ ಮಸಾಲೆ ಹುರಿದ ಆ ಅಮ್ಮ ಕೇಳದೆಯೇ ಕಾಯಿಬೆಲ್ಲ ತಂದಿಟ್ಟರು. ತುರಿದ ತೆಂಗಿನಕಾಯಿಗೆ ಜಜ್ಜಿದ ಬೆಲ್ಲ, ಚೂರು ಏಲಕ್ಕಿ. ಅವನು ಏಳು ದೋಸೆ ತಿಂದ. ನಮಗಿಂತ ಎರಡು ಹೆಚ್ಚು.

*

ಗೆಳೆತನಕ್ಕೆ ಒಂದೇ ಬಡಿಸುವ ಪಾತ್ರೆ ಬೇಕು, ಒಂದೇ ಪಥ್ಯ ಬೇಕಿಲ್ಲ.

*

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಕಡಲು. ಕಾರು ನಿಲ್ಲಿಸಿ ಎರಡು ಕಡೆಗೂ ತಿರುಗಿ ತಿರುಗಿ ನೋಡಿದೆವು. ಬೆಳಿಗ್ಗೆ ಸೀಸೆಯಲ್ಲಿ ತುಂಬಿಸಿಕೊಂಡಿದ್ದ ಶೇಂದಿ ಆಗಲೇ ಮುಚ್ಚಳ ಎತ್ತುತ್ತಿತ್ತು. ಅಲ್ಲೇ ಕುಡಿದು ಮುಗಿಸಿದೆವು, ಹುಳಿ ಶುರುವಾಗಿತ್ತು.

*

ರಾತ್ರಿ ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ರೈಲು ತಡವಾಯಿತು. ಖಾರ ತಿನ್ನಲಾಗದವನೇ ಚೀಲದಿಂದ ಮಸಾಲೆ ಪುಡಿಯ ಕಟ್ಟು ತೆಗೆದ. ಮಗಳು ತರಲು ಹೇಳಿದ್ದಳಂತೆ. ಅಮ್ಮ ದಿನಪತ್ರಿಕೆ ಸುತ್ತಿ ಬಾಳೆನಾರಿನಲ್ಲಿ ಕಟ್ಟಿದ್ದರು. ಗಂಟು ಬಿಚ್ಚಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಹತ್ತಿರ ತಂದು, ಕಣ್ಣು ಮುಚ್ಚಿ, ರೈಲಿನ ಬೆಳಕು ಕಾಣುವವರೆಗೂ ಹಾಗೇ ಕೂತಿದ್ದ.